ಅವ್ವ ಕೊಟ್ಟ ಹಣೆಪಟ್ಟಿ

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ಹಾಗೆನ್ನುವವರು ಅದನ್ನು ಕಣ್ಣಿಗೆ ತಾಗಿಸಿಕೊಂಡವರಲ್ಲ.

ಹಾವೇರಿಯ ಕಾಲೇಜು ಮೈದಾನದಲ್ಲಿ ಫುಟ್‌ಬಾಲ್ ಕಲಿತು, ಬೆಂಗಳೂರಿನ ಬಿ ಡಿವಿಜನ್ ಲೀಗಿನಲ್ಲಿ ಆರು ವರ್ಷ ಸ್ಟಾಪರ್ ಆಗಿ ಆಡಿದೆ. ಎದುರಾಳಿ ನಮ್ಮ ಗೋಲಿನತ್ತ ನುಗ್ಗದಂತೆ ತಡೆಯುವುದು ನನ್ನ ಕೆಲಸ. ನಮ್ಮೂರು ಬ್ಯಾಡಗಿಗೆ ಬಂದಾಗ ಬಸ್‌ಸ್ಟ್ಯಾಂಡಿನಲ್ಲೇ ಯಾರಾದರೂ, "ಎಷ್ಟು ಗೋಲ ಹೊಡದಿಪಾ?" ಎನ್ನುತ್ತಿದ್ದರು. "ಒಂದೂ ಇಲ್ರಿ" ಎಂದರೆ ಪಾಪ ಎನ್ನುವಂತೆ ನೋಡುತ್ತಿದ್ದರು. ತಡೆದದ್ದನ್ನು ಯಾರೂ ಕೇಳುವುದಿಲ್ಲ.

ಅವ್ವ ಮಾರ್ಕೆಟ್ಟಿನ ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ನನ್ನ ಆಟವನ್ನು ಒಮ್ಮೆಯೂ ನೋಡಿದವಳಲ್ಲ. ಬೆವರು ಕಣ್ಣಿಗಿಳಿದು ಚೆಂಡು ಕಾಣುವುದಿಲ್ಲ ಎಂದು ನಾನೊಮ್ಮೆ ಹೇಳಿದ್ದಕ್ಕೆ, ಕೆಲಸಕ್ಕೆ ಉಡುತ್ತಿದ್ದ ಹಳೆಯ ಸೀರೆ ಹರಿದು, ಒಗೆದು, ಹಣೆಗೆ ಕಟ್ಟಲು ಪಟ್ಟಿ ಮಾಡಿಕೊಟ್ಟಳು. "ಮೆತ್ತಗದ, ಕಟಿಗೊ" ಎಂದಳು. ಒಮ್ಮೆ ಒಗೆದರೆ ಹೋಗುವ ಖಾರವಲ್ಲ ಅದು. ಬೆಂಗಳೂರಿನ ಕೋಣೆಯಲ್ಲಿ ನಾನು ಚೀಲ ಬಿಚ್ಚಿದಾಗ ಜೊತೆಗಾರರು ಸೀನತೊಡಗಿದರು. ನಾನು ನಕ್ಕೆ. ಆ ಘಾಟಿನಲ್ಲೇ ಬೆಳೆದ ನನ್ನ ಮೂಗಿಗೆ ಏನೂ ಗೊತ್ತಾಗಲಿಲ್ಲ.

ಸೀಸನ್ನಿನ ಕೊನೆಯ ಪಂದ್ಯ ನೋಡಲು ಒಂದು ಕಾರ್ಖಾನೆಯ ತಂಡದವರು ಬಂದಿದ್ದರು. ಅವರಿಗೊಬ್ಬ ಸ್ಟಾಪರ್ ಬೇಕಿದ್ದ; ಆಟದ ಜೊತೆಗೆ ಕಾಯಂ ನೌಕರಿ. ನನಗಾಗಲೇ ಇಪ್ಪತ್ತೊಂಬತ್ತು, ಮೊಣಕಾಲು ಕೈಕೊಡುತ್ತಿತ್ತು. ಇದೇ ಕೊನೆಯ ಅವಕಾಶವೆಂದು ಎಸ್‌ಟಿಡಿ ಬೂತಿನಿಂದ ಅವ್ವನಿಗೂ ಹೇಳಿದ್ದೆ.

ಮೊದಲರ್ಧದಲ್ಲಿ ಒಬ್ಬನನ್ನೂ ದಾಟಗೊಡಲಿಲ್ಲ. ಆಮೇಲೆ, ಅಂದೇ ಮೊದಲು ಕಟ್ಟಿಕೊಂಡಿದ್ದ ಅವ್ವನ ಪಟ್ಟಿ ಬೆವರಿನಲ್ಲಿ ತೊಯ್ದು ಹನಿಯತೊಡಗಿತು. ಕಣ್ಣಿಗೆ ಕೆಂಡ ಬಿದ್ದಂತಾಯಿತು. ಉರಿ ತಾಳದೆ ಅದೇ ಪಟ್ಟಿಯಿಂದ ಒರೆಸಿಕೊಂಡೆ, ಮೂರ್ಖ. ಕಣ್ಣು ಬಿಡುವಷ್ಟರಲ್ಲಿ ಎದುರಾಳಿ ಆಟಗಾರ ನನ್ನ ಪಕ್ಕದಿಂದಲೇ ಹೋಗಿ ಗೋಲು ಹೊಡೆದಿದ್ದ. ಕಾರ್ಖಾನೆಯವರು ಬೇರೊಬ್ಬನನ್ನು ತೆಗೆದುಕೊಂಡರು.

ಸೋತ ನಾಚಿಕೆಗಿಂತ, ಊರಿಗೆ ಹೋಗಿ ಏನು ಹೇಳಲಿ ಎಂಬ ಹೆದರಿಕೆಯೇ ನನಗೆ ದೊಡ್ಡದಾಗಿತ್ತು. ಊರು ತಲುಪಿದಾಗ ಅವ್ವ ಅಂಗಳದಲ್ಲಿ ಕೂತಿದ್ದಳು; ನನ್ನ ಮುಖ ನೋಡಿಯೇ ತಿಳಿದುಕೊಂಡಳು.

"ಯಾಕಂತ, ತಗೊಳ್ಳಲಿಲ್ಲ?"

"ನನ್ನ ಆಟ ಸಾಲಲಿಲ್ಲಬೇ."

"ಪಟ್ಟಿ ಕಟಿಗೊಂಡಿದ್ದಿಲ್ಲೊ? ಬೆವರು ಕಣ್ಣಾಗ ಇಳೀಲಿಲ್ಲಲಾ?"

"ಒಂದ ಹನಿನೂ ಇಳೀಲಿಲ್ಲ."

ಅಷ್ಟು ದುಃಖದಲ್ಲೂ ಅವಳ ಮುಖ ಒಂದಿಷ್ಟು ಅರಳಿತು. ಮರುದಿನ ಉಳಿದ ಸೀರೆಯನ್ನೂ ಹರಿದು ಇನ್ನೆರಡು ಪಟ್ಟಿ ಮಾಡಿಟ್ಟಳು. ಇನ್ನು ಆಡುವುದಿಲ್ಲ ಎಂದು ನಾನು ಆಗಲೇ ನಿರ್ಧರಿಸಿದ್ದೆ. ಆದರೂ ಅವನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.