ಹುಲಿಗೇಶನನ್ನು ಮಾತಾಡಿಸಲು ಹೋದ ನೇತ್ರಾ

ನೇತ್ರಾ ಎಂಬ ಹೆಸರಿನ ಹುಡುಗಿ ಕಣ್ಣಿನ ಡಾಕ್ಟರಾಗಬೇಕು ಎಂಬುದು ನಮ್ಮೂರು ಸಂಶಿಯ ಬಹುಮತದ ಅಭಿಪ್ರಾಯವಾಗಿತ್ತು. ಅವಳು ಮಾತ್ರ ಕಣ್ಣಿಟ್ಟದ್ದು ಕಣ್ಣಿನ ಹಿಂದಿರುವ ಮಿದುಳಿನ ಮೇಲೆ. ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ಸಿನ ಕೊನೆಯ ಹಂತದಲ್ಲಿದ್ದಾಗಲೇ ನ್ಯೂರೋಸರ್ಜರಿ ಅವಳ ತಲೆಗೆ ಹತ್ತಿತ್ತು. ಅದನ್ನು ಎಲ್ಲಿ ಕಲಿಯಬೇಕೆಂಬ ಪ್ರಶ್ನೆ ಸ್ವಲ್ಪ ದಿನದಲ್ಲಿ ಊರಿನ ತಲೆಗೂ ಹತ್ತಿತು.

ಊರಿಗೆ ಹತ್ತಲು ಕಾರಣ ಮೊಬೈಲ್ ಟವರು. ಅವಳ ಮನೆಯೊಳಗೆ ಸಿಗ್ನಲ್ ಬರುವುದಿಲ್ಲ. ಅಪ್ಪ ಶಂಭುಲಿಂಗಪ್ಪನ ಬೀಜ-ಗೊಬ್ಬರದ ಅಂಗಡಿಯ ಬೆಂಚಿನ ಮೇಲೆ ಧಾರಾಳವಾಗಿ ಬರುತ್ತದೆ. ಹಾಗಾಗಿ ರವಿವಾರ ಊರಿಗೆ ಬಂದಾಗ ಅವಳು ಗೊಬ್ಬರದ ಚೀಲಗಳ ನಡುವೆ ಕೂತು ದೇಶದ ದೊಡ್ಡ ಆಸ್ಪತ್ರೆಗಳನ್ನು ಒಂದರ ಪಕ್ಕ ಒಂದಿಟ್ಟು ತೂಗುತ್ತಿದ್ದಳು. ಕೆಲವು ಕಡೆ ಎಂಬಿಬಿಎಸ್ ಆದ ಕೂಡಲೇ ಆರು ವರ್ಷದ ನೇರ ತರಬೇತಿ. ಕೆಲವು ಕಡೆ ಮೊದಲು ಸಾಮಾನ್ಯ ಸರ್ಜರಿ ಮುಗಿಸಿ ಬರಬೇಕು. ಒಂದು ಕಡೆ ಹೆಸರು ದೊಡ್ಡದು, ಆದರೆ ನಾಲ್ಕು ವರ್ಷ ದೊಡ್ಡವರ ಹಿಂದೆ ನಿಂತು ರಕ್ತ ಹೀರುವ ನಳಿಗೆ ಹಿಡಿಯುವುದೇ ಕೆಲಸ. ಇನ್ನೊಂದು ಕಡೆ ಹೆಸರು ಸಾಧಾರಣ, ಆದರೆ ತಲೆ ಒಡೆದುಕೊಂಡು ಬರುವವರು ಹೇರಳ, ಕಲಿಯುವವರ ಕೈಗೆ ಬೇಗ ಚಾಕು ಬರುತ್ತದೆ.

ಮೆಣಸಿನಕಾಯಿ ಬೀಜಕ್ಕೆ ಬಂದವರೂ ಇದರಲ್ಲಿ ಮೂಗು ತೂರಿಸುತ್ತಿದ್ದರು.

“ಹೆಸರು ನೋಡಬ್ಯಾಡವಾ, ಇಳುವರಿ ನೋಡು,” ಎಂದ ಶಂಭುಲಿಂಗಪ್ಪ. ಮೂವತ್ತು ವರ್ಷ ಬೀಜ ಮಾರಿದವನು ಬೇರೆ ಏನು ಹೇಳಿಯಾನು?

“ಇಳುವರಿ ಅಂದ್ರ ಇಲ್ಲಿ ಕೇಸು, ಅಪ್ಪಾ,” ಎಂದು ನೇತ್ರಾ ನಕ್ಕಳು. ನಕ್ಕರೂ ಅದನ್ನೇ ಅಳತೆಗೋಲು ಮಾಡಿಕೊಂಡಳು. ಹೇಮಂತ ಎಂಬ ಅಣ್ಣಿಗೇರಿಯ ಹುಡುಗ ಅವಳಿಗಿಂತ ಸೀನಿಯರು, ಹೆಸರು ಸಾಧಾರಣವಾದ ಆ ಆಸ್ಪತ್ರೆಯಲ್ಲೇ ತರಬೇತಿಯಲ್ಲಿದ್ದ. ಅವನಿಗೆ ಅವಳು ಫೋನಿನಲ್ಲಿ ಕೇಳುತ್ತಿದ್ದ ಪ್ರಶ್ನೆ ಒಂದೇ: “ಕೈಗೆ ಕೊಡ್ತಾರೇನು?” ಪಕ್ಕದ ಅಂಗಡಿಯ ನನಗೆ ಅದು ಮಗಳ ಬಾಯಲ್ಲಿ ವರದಕ್ಷಿಣೆ ಕೇಳುವ ವರನ ಕಡೆಯವರ ಪ್ರಶ್ನೆಯಂತೆ ಕೇಳಿಸುತ್ತಿತ್ತು.

ಆ ಆಸ್ಪತ್ರೆ ಎಂಟು ತಾಸಿನ ಬಸ್ಸಿನ ದೂರದ ಒಂದು ಪಟ್ಟಣದಲ್ಲಿದೆ, ಹೆಸರು ಬೇಡ. ನಮ್ಮೂರಿನ ಹುಲಿಗೇಶ ಮೆಣಸಿನಕಾಯಿ ಹೇರಿದ ಲಾರಿಯ ಜೊತೆ ಹೋಗಿ, ತಾಡಪತ್ರಿಯ ಹಗ್ಗ ಬಿಚ್ಚುವಾಗ ಚೀಲಗಳ ಮೇಲಿಂದ ಬಿದ್ದದ್ದು ಅದೇ ಪಟ್ಟಣದಲ್ಲಿ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಆ ಆಸ್ಪತ್ರೆಯಲ್ಲೇ ಆಪರೇಷನ್ ಆಯಿತು. ಮಿದುಳು ಬಾತುಕೊಂಡಿದ್ದರಿಂದ ತೆಗೆದ ಬುರುಡೆಯ ತುಂಡನ್ನು ಕೂಡಲೇ ಮುಚ್ಚಲಾಗದೆ, ಕೆಡದಿರಲೆಂದು ಅವನ ಹೊಟ್ಟೆಯ ಚರ್ಮದ ಕೆಳಗೇ ಇಟ್ಟು ಹೊಲಿದು ಕಳಿಸಿದ್ದರು. ಕೆಲವು ವಾರ ಬಿಟ್ಟು ಬಂದರೆ ಮತ್ತೆ ತಲೆಗೆ ಕೂರಿಸುವುದೆಂದು ಮಾತಾಗಿತ್ತು. ಜೀವನವಿಡೀ ಎಲ್ಲರ ತಪ್ಪನ್ನೂ ಹೊಟ್ಟೆಗೆ ಹಾಕಿಕೊಂಡು ಬಂದ ಮನುಷ್ಯ, ಈಗ ಸ್ವಂತ ತಲೆಯನ್ನೂ ಹೊಟ್ಟೆಗೆ ಹಾಕಿಕೊಂಡು ಊರಿಗೆ ಬಂದ.

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಕಾಯಿಲೆಯವರಿಗೆ ಹೂವಿನ ಚಿತ್ರದ ಕಾರ್ಡು ಬರೆಯಲು ಕಲಿಸಿದ್ದರು. ಸಂಶಿಯಲ್ಲಿ ಕಾರ್ಡು ನಡೆಯುವುದಿಲ್ಲ. ಆಸ್ಪತ್ರೆಯಿಂದ ಬಂದವರನ್ನು ‘ಮಾತಾಡಿಸಿಕೊಂಡು’ ಬರಬೇಕು. ಬಾಳೆಹಣ್ಣೋ ಬ್ರೆಡ್ಡೋ ಹಿಡಿದು ಹೋಗುವುದು, ಚಾಪೆಯ ಮೇಲೆ ಕೂರುವುದು, ಏನಾಯಿತು ಹೇಗಾಯಿತು ಎಂದು ಕೇಳುವುದು. ಮನೆಯವರು ಎಲ್ಲರಿಗೂ ಮೊದಲಿನಿಂದ ಹೇಳುತ್ತಾರೆ. ಹೇಳಿ ಹೇಳಿ ಆ ಕತೆ ನುಣುಪಾಗುತ್ತದೆ, ಮನೆಯವರ ಭಯವೂ ಅದರ ಜೊತೆ ಸವೆಯುತ್ತದೆ. ಬಂದವರ ಕೆಲಸ ಇಷ್ಟೇ: ಕೇಳಿ, “ದೇವರು ದೊಡ್ಡಾಂವ” ಎಂದು ಎದ್ದು ಬರುವುದು.

ನೇತ್ರಾ ತಾಯಿ ಶೈಲಶ್ರೀಯ ಜೊತೆ ಬಾಳೆಹಣ್ಣು ಹಿಡಿದು ಹೋದಳು. ಹುಲಿಗೇಶ ಉಣ್ಣೆಯ ಟೋಪಿ ಹಾಕಿಕೊಂಡು ಗೋಡೆಗೆ ಒರಗಿದ್ದ. ಹೆಂಡತಿ ಬಸಕ್ಕ ಕತೆ ಶುರುಮಾಡಿದಳು. ಅತ್ತೆ ದುಂಡವ್ವ ಬಾಗಿಲ ಬಳಿ ಕೂತು ಅಲ್ಲಲ್ಲಿ ಹೂಂಗುಟ್ಟುತ್ತಿದ್ದಳು.

“ಬೆಳ್ಳನ್ನ ಕೂದಲದ ದೊಡ್ಡ ಡಾಕ್ಟ್ರರಿ. ಅಗದಿ ನಮ್ಮ ಸ್ವಾಮ್ಗೋಳು ಇದ್ದಂಗ ಇದ್ರು. ‘ಹೆದರಬ್ಯಾಡವಾ’ ಅಂತ ನನ್ನ ತಲಿ ಮ್ಯಾಲೆ ಕೈ ಇಟ್ರು. ಅವರ ಕೈ ಗುಣ ನೋಡ್ರಿ ಇದು.”

ಶೈಲಶ್ರೀ ಕೈಮುಗಿದಳು. ಅಲ್ಲಿಗೆ ಎದ್ದುಬಿಟ್ಟಿದ್ದರೆ ಆಗುತ್ತಿತ್ತು.

“ಅವರು ಯಾವಾಗ ಬಂದಿದ್ರರಿ?” ಎಂದಳು ನೇತ್ರಾ.

“ಮುಂಜಾನಿ. ಎಲ್ಲಾ ಮುಗದ ಮ್ಯಾಲೆ.”

“ಆಪರೇಷನ್ ಮುಗದಾಗ ಹೊರಗ ಬಂದು ನಿಮಗ ಯಾರು ಹೇಳಿದ್ರು?”

“ಒಂದು ನರ್ಸ್ ಹುಡುಗಿರಿ. ಹಸರ ಟೋಪಿ, ನಿದ್ದಿಗಣ್ಣು. ‘ಆತ್ರಿ, ಬದಕ್ಯಾರ’ ಅಂದ್ಲು. ನಾ ಆಕಿಗೆ ಕುಡಿಯಾಕ ನೀರ ಕೇಳಿದೆ, ತಂದುಕೊಟ್ಲು ಪಾಪ.”

ನೇತ್ರಾಳ ಮುಖ ಅರಳಿತು. ಇಷ್ಟು ದಿನ ಫೋನಿನಲ್ಲಿ ಕೇಳುತ್ತಿದ್ದ ಪ್ರಶ್ನೆಗೆ ಈಗ ಉತ್ತರ ಟೋಪಿ ಹಾಕಿಕೊಂಡು ಎದುರಿಗೇ ಕೂತಿತ್ತು.

“ಆಕಿ ನರ್ಸ್ ಅಲ್ಲರಿ ಬಸಕ್ಕಾ, ಆಕಿನ ಆಪರೇಷನ್ ಮಾಡ್ಯಾಳ. ಟ್ರೇನಿಂಗ್‌ದಾಗ ಇರೋ ಡಾಕ್ಟರ್. ಅಲ್ಲೆ ಕಲಿಯೋರ ಕೈಗೇ ಕೊಡ್ತಾರ. ಅದಕ್ಕ ಆ ಜಾಗಾ ಭಾಳ ಛಲೋ.”

ಅಷ್ಟಕ್ಕೆ ಬಿಡಲಿಲ್ಲ. ಟೋಪಿ ತೆಗೆಸಿ, ತಲೆಯ ಪಕ್ಕದ ತಗ್ಗನ್ನು ಮುಟ್ಟಿ, ಹೊಲಿಗೆಯ ಗುರುತನ್ನು ಬೆರಳಲ್ಲಿ ಅನುಸರಿಸಿ, “ಮಸ್ತ್ ಮಾಡ್ಯಾಳ,” ಎಂದಳು, ಹೊಲಿಸಿದ ರವಿಕೆ ನೋಡಿದವಳ ಹಾಗೆ.

ಬಾಗಿಲ ಬಳಿಯಿಂದ ದುಂಡವ್ವ ಕೇಳಿದಳು.

“ಕಲಿಯೋರ ಕೈಗೆ ಏನ ಕೊಡ್ತಾರಂದಿ?”

“ಕೇಸ್ ಕೊಡ್ತಾರಬೇ.”

“ಅಂದ್ರ ನನ್ನ ಮಗನ್ನ ಕಲೀಲಿಕ್ಕೆ ಕೊಟ್ಟಿದ್ರು.”

ಶೈಲಶ್ರೀ ಮಗಳ ಮೊಣಕೈ ಹಿಡಿದು ಎಬ್ಬಿಸಿದಳು. ಬಾಗಿಲವರೆಗೆ ಬಂದು ಕಳಿಸುವ ಬಸಕ್ಕ ಕೂತಲ್ಲೇ ಕೂತಿದ್ದಳು. ಅವಳು ಊರಿಗೆಲ್ಲ ಹೇಳುತ್ತಿದ್ದ ಕತೆಯಿಂದ ದೊಡ್ಡ ಡಾಕ್ಟರು ಎದ್ದು ಹೋಗಿಬಿಟ್ಟಿದ್ದರು.

ಬುರುಡೆ ಕೂರಿಸಲು ಕರೆದಿದ್ದ ದಿನ ಬಂತು, ಹೋಯಿತು. ಹುಲಿಗೇಶನನ್ನು ಯಾರೂ ಕರೆದುಕೊಂಡು ಹೋಗಲಿಲ್ಲ. “ಮತ್ತೊಮ್ಮೆ ಹುಡುಗ್ರ ಕೈಗೆ ಕೊಡಂಗಿಲ್ಲ,” ಎಂದಳಂತೆ ಬಸಕ್ಕ. ಅಂಗಡಿಗೆ ಬಂದವರು ಶಂಭುಲಿಂಗಪ್ಪನಿಗೇ ವರದಿ ಒಪ್ಪಿಸಿದರು. “ನಿನ್ನ ಮಗಳ ಹೇಳ್ಯಾಳಂತಲ್ಲೋ ಶಂಭು, ಅಲ್ಲೆ ಹುಡುಗ್ರು ಕೊಯ್ತಾರಂತ. ಡಾಕ್ಟರ್ ಹುಡುಗಿನ ಹೇಳಿದ ಮ್ಯಾಲೆ ಯಾರು ಹೊಕ್ಕಾರ?”

ಮುಂದಿನ ರವಿವಾರ ನೇತ್ರಾ ಬಂದಾಗ ಬೆಂಚಿನ ಮೇಲೆ ಅವಳಿಗೆ ಜಾಗ ಬಿಟ್ಟರು. ಸಲಹೆ ಯಾರೂ ಕೊಡಲಿಲ್ಲ. ಅಪ್ಪ ಕೀಟನಾಶಕದ ಡಬ್ಬಿಗಳನ್ನು ಒರೆಸುತ್ತ ಅವಳ ಕಡೆ ನೋಡದೆ ಹೇಳಿದ: “ಮಾತಾಡಿಸಿ ಬಾ ಅಂತ ಕಳಿಸಿದ್ರ, ವಿಚಾರಣಿ ಮಾಡಿ ಬಂದೀಯಲ್ಲ.”

ಅವಳು ಅಲ್ಲಿಂದಲೇ ಹೇಮಂತನಿಗೆ ಫೋನು ಹಚ್ಚಿ, ಲಾರಿಯಿಂದ ಬಿದ್ದವನ ಆಪರೇಷನ್ ಯಾರು ಮಾಡಿದ್ದೆಂದು ಕೇಳಿದಳು. ಅವನಿಗೆ ನೆನಪಿತ್ತು. “ಲಾರಿ ಮ್ಯಾಲಿಂದ ಬಿದ್ದದ್ದಲ್ಲ? ಬಲಗಡಿ, ದೊಡ್ಡ ಹೆಪ್ಪು. ನಮ್ಮ ಮುಸರತ್ ಮಾಡಿದ್ಲು, ಮೂರನೇ ವರ್ಷದಾಕಿ. ಸರ್ ಬರೂತನಕಾ ಕಾದಿದ್ರ ಅಂವ ಉಳೀತಿದ್ದಿಲ್ಲ. ಅಗದಿ ಅಪರೂಪದ ಕೇಸ್ ಅದು.” ಆಮೇಲೆ ಕೇಳಿದ, “ಹೆಸರೇನು ಅಂವಂದು?”

ನೇತ್ರಾ ಹೆಸರು ಹೇಳಿ ಫೋನು ಇಟ್ಟಳು. ಚಿಕ್ಕವಳಿದ್ದಾಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ರೈಲು ತೋರಿಸಿದವನು ಹುಲಿಗೇಶ. ಅವನ ಎದುರಿಗೆ ಕೂತು ಬಂದಿದ್ದರೂ, ಕೈಕಾಲು ಹೇಗಿವೆ, ಊಟ ಸೇರುತ್ತದೆಯೇ ಎಂದು ತಾನು ಕೇಳಿರಲೇ ಇಲ್ಲ ಎಂಬುದು ಅವಳಿಗೆ ಹೊಳೆದದ್ದು ಆಗ. ಕಿವಿಯವರೆಗೆ ಕೆಂಪೇರಿ, ಗೊಬ್ಬರದ ಚೀಲದ ಮೇಲಿನ ಅಕ್ಷರಗಳನ್ನು ಓದುತ್ತ ಕೂತಳು.

ಸಂಜೆ ಬಸಕ್ಕನ ಮನೆಗೆ ಒಬ್ಬಳೇ ಹೋದಳು. ಬಸಕ್ಕ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು; ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ನೇತ್ರಾ ಕೂತು ತಾನೂ ಮುರಿಯತೊಡಗಿದಳು. ಕಣ್ಣು ಉರಿಯಿತು, ಒಳ್ಳೆಯದೇ ಆಯಿತು, ಕಣ್ಣೀರಿಗೆ ನೆಪ ಸಿಕ್ಕಿತು.

“ನಂದ ತಪ್ಪಾತ್ರಿ,” ಎಂದಳು. ಮುಸರತ್ ಕಾಯದೆ ಕೈಹಾಕಿದ್ದರಿಂದಲೇ ಹುಲಿಗೇಶ ಉಳಿದದ್ದೆಂದು ಹೇಳಿದಳು. ಬುರುಡೆಯಿಲ್ಲದ ಜಾಗಕ್ಕೆ ಚಿಕ್ಕ ಪೆಟ್ಟು ಬಿದ್ದರೂ ಅಪಾಯವೆಂದೂ ಹೇಳಿದಳು.

“ಅದನ್ನ ಅವತ್ತ ಹೇಳಬೇಕಿತ್ತು,” ಎಂದಳು ಬಸಕ್ಕ. ಇನ್ನೊಂದು ತೊಟ್ಟು ಮುರಿದು ಕೇಳಿದಳು, “ನೀನೂ ಮುಂದ ಇದನ್ನ ಮಾಡಾಕಿ ಅಲ್ಲ? ಮೊದಲನೇದು ಯಾರ ತಲಿ ಮ್ಯಾಲೆ ಮಾಡ್ತಿ?”

“ಗೊತ್ತಿಲ್ಲರಿ.”

“ಅವರಿಗೆ ಹೇಳ್ತಿಯೇನು, ನಂದು ಇದು ಮೊದಲನೇದು ಅಂತ?”

ನೇತ್ರಾ ತೂಗಿ ನೋಡಿದ್ದ ಯಾವ ಆಸ್ಪತ್ರೆಯಲ್ಲೂ ಈ ಪ್ರಶ್ನೆ ಇರಲಿಲ್ಲ. ಬಸಕ್ಕ ಉತ್ತರಕ್ಕೆ ಕಾಯದೆ ಅಂದಳು:

“ಜೊತಿಗೆ ಬಾ. ಯಾರ ಮಾಡ್ತಾರಂತ ನಮ್ಮ ಮುಂದ ಕೇಳು. ಇಲ್ಲಂದ್ರ ನಾ ಹೊರಡಂಗಿಲ್ಲ.”

ಹೋದರು. ಬಸ್ಸಿನಲ್ಲಿ ನೇತ್ರಾ ಕಿಟಕಿಯ ಕಡೆ ಕೂತು, ಹುಲಿಗೇಶನ ತಲೆ ಕಂಬಿಗೆ ತಾಗದಂತೆ ನಡುವೆ ಮಡಚಿದ ಹೊದಿಕೆ ಹಿಡಿದಿದ್ದಳು. ಮುಂದಿನ ವರ್ಷ ತಲೆಯೆತ್ತಿಕೊಂಡು ಕಾಲಿಡಬೇಕೆಂದುಕೊಂಡಿದ್ದ ಆಸ್ಪತ್ರೆಗೆ ಹೀಗೆ ತಲೆ ತಗ್ಗಿಸಿಕೊಂಡು ಹೊಕ್ಕಳು. ವಾರ್ಡಿನಲ್ಲಿ ಬಿಳಿಕೂದಲ ಡಾಕ್ಟರು, ಅವರ ಹಿಂದೆ ಮುಸರತ್, ಹೇಮಂತ, ಇನ್ನೂ ಕೆಲವರು. ಇವರ ಮೆಚ್ಚುಗೆ ತನಗೆ ಬೇಕು ಎಂದು ಗೊತ್ತಿದ್ದೂ ನೇತ್ರಾ ಕೇಳಿದಳು.

“ಸರ್, ಇವರಿಗೆ ಆಪರೇಷನ್ ಯಾರು ಮಾಡ್ತಾರ?”

ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. ಹೇಮಂತ ನೆಲ ನೋಡಿದ. ಉತ್ತರಿಸಿದವಳು ಮುಸರತ್.

“ನಾನೇ ಮಾಡ್ತೇನೆ. ಸರ್ ಪಕ್ಕದಲ್ಲಿ ಇರ್ತಾರೆ.”

ಬಸಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ನೀರು ತಂದುಕೊಟ್ಟ ಹುಡುಗಿ. ಇಷ್ಟು ದಿನ ತನ್ನ ವಿಷಯದಲ್ಲಿ ಒಂದು ಮಾತೂ ಆಡದಿದ್ದ ಹುಲಿಗೇಶ ಮಂಚದ ಮೇಲೆ ಎದ್ದು ಕೂತ.

“ತೆಗದಾಕಿ ನೀನ ಏನವಾ?”

“ಹೌದು.”

“ಹಂಗಾರ ನೀನ ಇಡು. ಎಲ್ಲಿಂದ ತೆಗದೀ ಅಂತ ನಿನಗರ ಗೊತ್ತಿರತೈತಿ.”

ಬಸಕ್ಕ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದಳು. ಸ್ಟ್ರೆಚರು ಹೊರಟಾಗ ನೇತ್ರಾಳ ಬೆನ್ನ ಮೇಲೆ ಕೈಯಿಟ್ಟು ಮುಂದೆ ದೂಡಿದಳು. “ನೀನೂ ಒಳಗ ಹೋಗು. ಊರವರು ಒಬ್ರು ಬಾಜೂಕ ಇರ್ಲಿ.”

ಡಾಕ್ಟರು ಬೇಡವೆನ್ನಲಿಲ್ಲ. ನೇತ್ರಾ ಟೋಪಿ, ಮಾಸ್ಕು ಕಟ್ಟಿಕೊಂಡು ಒಳಹೊಕ್ಕಳು. ಹಸಿರು ಬಟ್ಟೆಯ ನಡುವೆ ಹುಲಿಗೇಶನ ತಲೆಯ ಒಂದು ಚೌಕ ಮಾತ್ರ ಕಾಣುತ್ತಿತ್ತು, ಅವಳು ನಿಂತ ಈ ಕಡೆಯ ತುದಿಯಲ್ಲಿ ಒಡೆದ ಹಿಮ್ಮಡಿಯ ಎರಡು ಪಾದಗಳು.

“ಈ ಕಡೆ ಬನ್ನಿ, ಇಲ್ಲಿಂದ ಚೆನ್ನಾಗಿ ಕಾಣುತ್ತೆ,” ಎಂದಳು ಮುಸರತ್, ಚಾಕು ಕೈಗೆತ್ತಿಕೊಳ್ಳುತ್ತ.

“ಇರ್ಲಿರಿ, ಇಲ್ಲೇ ನಿಲ್ತೀನಿ,” ಎಂದಳು ನೇತ್ರಾ. ಮುಗಿಯುವ ತನಕ, ಊರವರೊಬ್ಬರ ಹಾಗೆ, ಹುಲಿಗೇಶನ ಪಾದಗಳ ಹತ್ತಿರವೇ ನಿಂತಿದ್ದಳು.