ಅಪ್ಪನ ಉಯಿಲು ಕಾಯ್ದ ನನ್ನ ಜ್ಞಾನತಂದೆ

ನನ್ನ ಜ್ಞಾನತಂದೆ ಹಿಂದಕ್ಕೆ ವಾಲಿಕೊಂಡು ನಡೆಯುತ್ತಿದ್ದರು. ಬ್ಯಾಂಡಿನಲ್ಲಿ ದೊಡ್ಡ ಡೋಲು ಹೊತ್ತು ಹೊತ್ತು ಅವರ ಬೆನ್ನು ಹಾಗೇ ನಿಂತುಬಿಟ್ಟಿತ್ತು. ಕೆಲಸ ಬಿಟ್ಟ ಮೇಲೂ ಎದೆಯೆತ್ತಿ, ಗಲ್ಲ ಮೇಲೆ ಮಾಡಿಕೊಂಡೇ ಲಷ್ಕರ್ ಮೊಹಲ್ಲಾದ ಗಲ್ಲಿಗಳಲ್ಲಿ ಓಡಾಡುವರು. ಗೊತ್ತಿಲ್ಲದವರು ಜಂಬದ ಮನುಷ್ಯ ಎಂದುಕೊಳ್ಳುತ್ತಿದ್ದರು.

ಚರ್ಚಿನಲ್ಲಿ ನನ್ನ ಜ್ಞಾನಸ್ನಾನದ ದಿನ ಎಳೆಗೂಸಾಗಿದ್ದ ನನ್ನನ್ನು ಎತ್ತಿಕೊಂಡು, ದೇವರ ಮುಂದೆ ತಂದೆಯ ಸ್ಥಾನದಲ್ಲಿ ನಿಂತವರು ಅವರೇ. ಜಟಕಾ ಹೊಡೆಯುತ್ತಿದ್ದ ಅಪ್ಪ, ಸಾಯುವ ಮುಂಚೆ ಉಯಿಲು ಬರೆಸಿ, ಅದನ್ನು ನಡೆಸುವ ಹೊಣೆಯನ್ನು ಈ ಗೆಳೆಯನಿಗೆ ಒಪ್ಪಿಸಿದ್ದರು. ಮನೆ, ಕುದುರೆ, ಜಟಕಾ ಎಲ್ಲದರಲ್ಲೂ ಇಬ್ಬರು ಅಣ್ಣಂದಿರಿಗೂ ನನಗೂ ಸಮಪಾಲು. ಆದರೆ ಅದು ನನ್ನ ಮದುವೆಯಾದ ಮೇಲೆ. ಅಲ್ಲಿಯತನಕ ಮನೆಯಲ್ಲಿ ನಾನೂ ಸೋದರತ್ತೆಯೂ ಇರಬೇಕು.

ಬೇರೆ ಸಂಸಾರ ಹೂಡಿದ್ದ ಅಣ್ಣಂದಿರಿಗೆ ಇದು ಸರಿಬೀಳಲಿಲ್ಲ.

"ಮಾವ, ಮನೆಗೆ ಗಿರಾಕಿ ಬಂದವ್ರೆ. ಮಾರ್ಬುಡಿ. ತಂಗಿ ನಮ್ಮನೇಲಿರ್ತಾಳೆ," ಎಂದು ದೊಡ್ಡಣ್ಣ ಜ್ಞಾನತಂದೆಯನ್ನು ಕೇಳಿದ.

"ಮದುವೆ ಆಗ್ಲಿ ಕಣೋ."

"ಜಟಕಾನಾದ್ರೂ ಕೊಡಿ."

"ಅದೂ ಉಯಿಲಲ್ಲೇ ಐತೆ. ಮದುವೆ ಆಗ್ಲಿ."

ಬೆಳಿಗ್ಗೆ ಅವರೇ ಬಂದು ಕುದುರೆಗೆ ಹುರುಳಿ ಹಾಕುವರು. ಗಾಲಿ ಬಿಗಿದುಕೊಂಡೀತೆಂದು ಜಟಕಾ ಕಟ್ಟಿ ಊರಲ್ಲಿ ಒಂದು ಸುತ್ತು ಹಾಕಿಸುವರು. ತಾವು ಮಾತ್ರ ಹತ್ತುತ್ತಿರಲಿಲ್ಲ. ಲಗಾಮು ಹಿಡಿದು ಪಕ್ಕದಲ್ಲೇ ನಡೆಯುವರು. ಯಾರಾದರೂ ಕೇಳಿದರೆ, "ಇನ್ನೊಬ್ರ ಸೊತ್ತು, ಸವೀಬಾರ್ದು," ಎನ್ನುವರು.

ಇವರು ಜಗ್ಗುವುದಿಲ್ಲವೆಂದು ಗೊತ್ತಾದ ಮೇಲೆ ಅಣ್ಣಂದಿರಿಗೆ ತಂಗಿಯ ಮೇಲೆ ಎಲ್ಲಿಲ್ಲದ ಅಕ್ಕರೆ ಹುಟ್ಟಿತು. ಭಾನುವಾರ ಪೂಜೆ ಮುಗಿಯುತ್ತಲೇ ಒಂದೊಂದು ಗಂಡು ಕರೆತರತೊಡಗಿದರು. ಒಬ್ಬರು ಅಪ್ಪನಿಗಿಂತ ಹಿರಿಯರು. ಇನ್ನೊಬ್ಬ ಕಾಫಿ ಲೋಟ ಕೈಯಲ್ಲಿ ಹಿಡಿದೇ ನಿದ್ದೆ ಹೋದ. ಜ್ಞಾನತಂದೆ ಎಲ್ಲರನ್ನೂ ಮರ್ಯಾದೆಯಿಂದ ಮಾತಾಡಿಸಿ, ಕೊನೆಗೆ ನನ್ನ ಕಡೆ ತಿರುಗಿ "ಏನಮ್ಮ?" ಎನ್ನುವರು. ನನಗೆ ಟೀಚರ್ ಟ್ರೈನಿಂಗ್ ಓದುವ ಆಸೆ. ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲ.

"ಯೋಚನೆ ಮಾಡ್ಬೇಕು ಮಾವ."

"ಯೋಚನೆ ಮಾಡ್ತಾಳಂತೆ," ಎಂದು ಗಂಡಿನವರನ್ನು ಬಾಗಿಲ ತನಕ ಬಿಟ್ಟು ಬರುವರು.

ಕೊನೆಗೆ ಅಣ್ಣಂದಿರು ಕೋರ್ಟಿಗೆ ಹೋದರು. ಬಂದ ಸಂಬಂಧಗಳನ್ನೆಲ್ಲ ಜ್ಞಾನತಂದೆ ಕೆಡಿಸಿ, ಆಸ್ತಿ ಹಂಚದೆ, ಜಟಕಾವನ್ನು ಸ್ವಂತಕ್ಕೆ ಬಳಸುತ್ತಿದ್ದಾರೆ. ಇವರನ್ನು ಉಯಿಲಿನ ಹೊಣೆಯಿಂದ ತೆಗೆದುಹಾಕಬೇಕು ಎಂದು ಅರ್ಜಿ.

"ನೀವು ಜಟಕಾ ಬಳಸ್ತೀರೇನ್ರಿ?" ಎಂದರು ಜಡ್ಜಿ.

"ಇಲ್ಲ ಸ್ವಾಮಿ. ಅದೇ ನನ್ನ ಬಳಸ್ಕೊಳ್ತಾ ಐತೆ."

ಜಡ್ಜಿ ಕನ್ನಡಕ ತೆಗೆದು ಒರೆಸಿಕೊಂಡು ನನ್ನನ್ನು ಕೇಳಿದರು: "ಯಾಕಮ್ಮ, ಮದುವೆ ಇಷ್ಟ ಇಲ್ಲವೆ?"

ಜ್ಞಾನತಂದೆಯತ್ತ ನೋಡಿದೆ. ಅವರು ಸೂರು ನೋಡುತ್ತಿದ್ದರು. ಮಾತು ನನ್ನದೇ ಆಗಬೇಕಿತ್ತು.

"ಮೊದಲು ಓದ್ಬೇಕು ಸ್ವಾಮಿ. ಮದುವೆ ಆಮೇಲೆ ಯೋಚಿಸ್ತೀನಿ."

ಯೋಚನೆಗೆ ಉಯಿಲಿನಲ್ಲಿ ಗಡುವು ಹಾಕಿಲ್ಲವೆಂದು ಹೇಳಿ ಜಡ್ಜಿ ಅರ್ಜಿ ವಜಾ ಮಾಡಿದರು.

ಹೊರಗೆ ಉರಿಬಿಸಿಲು. ಬೆಳಗಿನ ಸುತ್ತಿಗೆಂದು ಜ್ಞಾನತಂದೆ ಜಟಕಾವನ್ನು ಕೋರ್ಟಿನ ತನಕ ನಡೆಸಿಕೊಂಡು ಬಂದಿದ್ದರು. ಚಿಕ್ಕಣ್ಣ ಹೋಗಿ ಅದನ್ನು ಹತ್ತಲು ಕಾಲಿಟ್ಟ.

"ಇಳಿಯೋ. ಇನ್ನೂ ಪಾಲಾಗಿಲ್ಲ," ಎಂದರು ಜ್ಞಾನತಂದೆ.

ಗೆದ್ದವರು, ಸೋತವರು, ಎಲ್ಲರೂ ಖಾಲಿ ಜಟಕಾದ ಪಕ್ಕ ಬೆವರು ಸುರಿಸಿಕೊಂಡು ನಡೆದೇ ಮನೆ ಸೇರಿದೆವು. ಅರ್ಧ ದಾರಿಯಲ್ಲಿ ದೊಡ್ಡಣ್ಣನಿಗೇ ನಗು ತಡೆಯಲಾಗಲಿಲ್ಲ.

ನಾನು ಟ್ರೈನಿಂಗ್ ಮುಗಿಸಿದೆ, ಕೆಲಸಕ್ಕೆ ಸೇರಿದೆ, ಮನಸ್ಸಿಗೆ ಒಪ್ಪಿದವರನ್ನು ಮದುವೆಯಾದೆ. ಮಾರನೆಯ ಬೆಳಿಗ್ಗೆಯೇ ಜ್ಞಾನತಂದೆ ಬೀಗದಕೈ ತಂದು ಮೂವರ ಮುಂದೆ ಇಟ್ಟರು. ಅಷ್ಟರಲ್ಲಿ ಕುದುರೆ ಮುದಿಯಾಗಿತ್ತು. ಯಾರಿಗೂ ಬೇಡವಾದ ಅದನ್ನು ಅವರೇ ಹೊಡೆದುಕೊಂಡು ಹೋದರು.

ಎಷ್ಟೋ ವರ್ಷದ ಮೇಲೆ ದೊಡ್ಡಣ್ಣ ತನ್ನ ಉಯಿಲು ಬರೆಸಲು ಹೊರಟಾಗ ನೇರ ಹೋಗಿದ್ದು ಅವರ ಮನೆಗೇ.

"ಮಾವ, ನೀವೇ ನಡೆಸ್ಕೊಡ್ಬೇಕು."

"ನಿನಗಿಂತ ಮುಂಚೆ ಹೋಗೋನು ನಾನು ಕಣೋ. ನಿನ್ ತಂಗಿ ಹೆಸ್ರು ಹಾಕ್ಸು. ಟೀಚರಮ್ಮ ಅಂದ್ರೆ ನಿನ್ ಮಕ್ಳು ಹೆದರ್ಕೊಳ್ತವೆ."

ಆ ಮಳೆಗಾಲ ಮುಗಿಯುವುದರೊಳಗೆ ಅವರು ತೀರಿಕೊಂಡರು. ಯಾರೂ ಕರೆಯದೆಯೇ ಅಣ್ಣಂದಿರಿಬ್ಬರೂ ಹೆಗಲು ಕೊಟ್ಟರು. ಇವತ್ತಿಗೂ ನಾನು ದುಡಿದು ಉಣ್ಣುವ ಅನ್ನ ಅವರು ಕಾದು ಕೊಟ್ಟದ್ದು.