ಅವ್ವ ಹಾಕಿದ ಎಂಟು

ಅವ್ವನ ಡ್ರೈವಿಂಗ್ ಲೈಸೆನ್ಸ್ ನವೀಕರಣವನ್ನು ನಾನು ಒಗ್ಗರಣೆಯ ಎಣ್ಣೆ ಕಾಯುವಷ್ಟರಲ್ಲಿ ಮೊಬೈಲಿನಲ್ಲೇ ಮುಗಿಸಿಬಿಟ್ಟೆ. ಆಧಾರ್ ಸಂಖ್ಯೆ, ಒಂದು ಓಟಿಪಿ, ಡಾಕ್ಟರರ ಸರ್ಟಿಫಿಕೇಟು, ಅಷ್ಟೇ. ಡಾಕ್ಟರರೂ ಅವ್ವನನ್ನು ನೋಡಲಿಲ್ಲ. ಫೋನಿನಲ್ಲಿ ‘ಆರಾಮ ಇದ್ದಾರಲ್ಲ?’ ಎಂದು ಕೇಳಿ ಕಳಿಸಿಕೊಟ್ಟರು. ಮರುದಿನವೇ ಮೆಸೇಜು ಬಂತು: ಅರ್ಜಿ ಮಂಜೂರಾಗಿದೆ, ಕಚೇರಿಗೆ ಬರಬೇಕಾಗಿಲ್ಲ. ನನಗೋ ಜಂಬವೇ ಜಂಬ.

ಅವ್ವ ಕನ್ನಡಕ ಒರೆಸಿಕೊಂಡು ಎರಡೆರಡು ಸಲ ಓದಿದಳು.

“ನನ್ನ ಯಾರು ನೋಡ್ಯಾರ?”

“ಯಾರೂ ನೋಡಬೇಕಾಗಿಲ್ಲವ್ವಾ. ಎಲ್ಲಾ ಆನ್‌ಲೈನ್ ಅದ.”

“ನೋಡಲಾರದ ಹೆಂಗ ಪಾಸ್ ಮಾಡಿದ್ರು? ಭಾಳ ಶಾಣ್ಯಾ ಇದ್ದಾರ ಬಿಡು.”

ಸ್ಕೂಟರ್ ಇಲ್ಲದ ಅವ್ವನನ್ನು ನಾನು ಕಂಡೇ ಇಲ್ಲ. ಧಾರವಾಡದಿಂದ ಪುಣೆಗೆ ಬಂದ ಹೊಸತರಲ್ಲೇ ಕಲಿತಳಂತೆ. ಭಜನೆಗೂ ಅದೇ, ಬ್ಯಾಂಕಿಗೂ ಅದೇ. ಹೋದ ತಿಂಗಳು ಮಾರ್ಕೆಟ್ ಯಾರ್ಡಿನ ಗೇಟಿನಲ್ಲಿ ಬದನೆಕಾಯಿ ಸಮೇತ ಬಿದ್ದಿದ್ದಳು. ‘ಟೆಂಪೋದಂವಂದ ತಪ್ಪು’ ಅಂದಳು. ನಾನು ನಂಬಿದೆ. ತಪ್ಪು ತನ್ನದೇ ಇರಬಹುದು, ಕೈಕಾಲಿಗೆ ಮೊದಲಿನ ಹಿಡಿತ ಉಳಿದಿಲ್ಲವೇನೋ ಎಂಬ ಹೆದರಿಕೆ ಅವಳನ್ನು ಅಂದಿನಿಂದಲೂ ಕೊರೆಯುತ್ತಿತ್ತು. ಅದನ್ನು ನನಗೆ ಹೇಳಿದ್ದು ಈಗ. “ನೋಡಿ ಹೇಳವ್ರು ಯಾರರೆ ಬೇಕಲ್ಲ? ಮೊಬೈಲಿಗೇನು ಗೊತ್ತಾಗ್ತದ ನನ್ನ ಬ್ರೇಕು?”

ಹಾಗಾಗಿ ಬರಬೇಕಾಗಿಲ್ಲ ಎಂದ ಕಚೇರಿಗೆ ನಾವು ಹೊರಟೆವು. ಸ್ಕೂಟರಿನಲ್ಲಿ ಅವ್ವ ಮುಂದೆ, ನಾನು ಹಿಂದೆ. ಮೆಸೇಜಿನ ಪ್ರಿಂಟ್ ತೆಗೆಸಿ ಲ್ಯಾಮಿನೇಷನ್ ಮಾಡಿಸಿಕೊಂಡಿದ್ದಳು, ಮಾರಾಯ್ತಿ!

ಅಲ್ಲಿ ನೋಡಿದರೆ ಬಾಗಿಲಿನಾಚೆಗೂ ಸಾಲು. ಮುಂದಿನವರನ್ನು ಏನು ಕೆಲಸ ಎಂದು ಮರಾಠಿಯಲ್ಲಿ ಕೇಳಿದೆ. “ಬರಬೇಕಾಗಿಲ್ಲ ಅಂತ ಮೆಸೇಜ್ ಬಂದದ. ಖರೇನೋ ಸುಳ್ಳೋ ಕೇಳೋಣಂತ ಬಂದೀನ್ರಿ” ಎಂದರು. ಇಡೀ ಸಾಲೇ ಅದನ್ನು ಕೇಳಲು ಬಂದಿತ್ತು. ಅವರಿಗೆಂದೇ ಬೇರೆ ಕಿಟಕಿ, ಅದಕ್ಕೊಂದು ಮರಾಠಿ ಬೋರ್ಡು: ‘ಬರಬೇಕಾಗಿಲ್ಲದವರು ಇಲ್ಲಿ ನಿಲ್ಲಬೇಕು’. ಹೊರಗೆ ಬೇವಿನ ಮರದಡಿ ಒಬ್ಬ ಏಜೆಂಟ್. ದುಡ್ಡು ಕೊಟ್ಟರೆ, ನೀವು ಬರಬೇಕಾಗಿರಲಿಲ್ಲ ಎಂದು ಸಾಲಿಲ್ಲದೆ ಹೇಳುತ್ತಿದ್ದ. ಅವನಿಗೂ ಒಳ್ಳೆ ಗಿರಾಕಿ.

ನಮ್ಮ ಪಾಳಿ ಬಂದಾಗ ಗುಮಾಸ್ತ ಕಂಪ್ಯೂಟರ್ ನೋಡಿ, “ಝಾಲಂ ಆಜೀ, ಘರೀ ಜಾ” ಎಂದ. ಆಯಿತಜ್ಜೀ, ಮನೆಗೆ ನಡೀರಿ. ಅವ್ವ ಲ್ಯಾಮಿನೇಟೆಡ್ ಮೆಸೇಜನ್ನು ಮುಂದಿಟ್ಟು, ಮೊಹರಿನ ಶಿಕ್ಕಾ ಒತ್ತು ಎಂದಳು. ಆನ್‌ಲೈನ್ ಬಂದ ಮೇಲೆ ಶಿಕ್ಕಾ ಒಯ್ದುಬಿಟ್ಟರು ಎಂದ. ಹಾಗಾದರೆ ನನ್ನ ಪರೀಕ್ಷೆ ಮಾಡು ಎಂದಳು. ಅವನು ಕುರ್ಚಿಯಿಂದ ಅರ್ಧ ಎದ್ದ. ಪಾಸಾಗದವರ ಪರೀಕ್ಷೆ ಮಾಡಬಹುದು, ಪಾಸಾದವರನ್ನು ಪರೀಕ್ಷಿಸುವ ಪದ್ಧತಿಯೇ ಇಲ್ಲವಂತೆ! ನನಗೆ ರೇಗಿತು. ಪದ್ಧತಿಯಂತೆ ಪದ್ಧತಿ. ಯಾರಾದರೂ ಹೊರಗೆ ಬಂದು ಎರಡು ನಿಮಿಷ ನೋಡಿದರೆ ನಿಮ್ಮ ಗಂಟೇನು ಹೋಗುತ್ತದೆ ಎಂದು ಜಗಳಕ್ಕೇ ನಿಂತೆ. ಸಾಲಿನವರೂ ದನಿಗೂಡಿಸಿದರು. ಕಡೆಗೆ ಪಕ್ಕದ ಟೆಸ್ಟ್ ಮೈದಾನದಲ್ಲಿದ್ದ ಇನ್‌ಸ್ಪೆಕ್ಟರರೇ ಸೋತು, “ಹಾಕ್ರಿ ಆಜೀ, ಎಂಟು ಹಾಕ್ರಿ” ಎಂದು ಮರಾಠಿಯಲ್ಲಿ ಕೂಗಿದರು.

ಎಂಟು ಹಾಕುವುದೆಂದರೆ ಕಾಲು ನೆಲಕ್ಕೆ ತಾಗದಂತೆ ಎಂಟರ ಆಕಾರದಲ್ಲಿ ಗಾಡಿ ತಿರುಗಿಸುವುದು. ಅವ್ವ ಸೆರಗು ಸಿಕ್ಕಿಸಿ ಹೊರಟಳು. ಮೊದಲ ಸುತ್ತು ಬೆಣ್ಣೆ. ಎರಡನೆಯ ತಿರುವಿನಲ್ಲಿ ಹ್ಯಾಂಡಲ್ ನಡುಗಿತು, ಎಡಗಾಲು ನೆಲಕ್ಕೂರಿತು.

ಇನ್‌ಸ್ಪೆಕ್ಟರ್ ಅಷ್ಟೂ ಹೊತ್ತು ಮೊಬೈಲಿನಲ್ಲಿ ಮುಂದಿನ ಅರ್ಜಿಗಳನ್ನು ಮಂಜೂರು ಮಾಡುತ್ತಿದ್ದರು. “ಪಾಸ್, ಪಾಸ್!” ಎಂದರು ತಲೆ ಎತ್ತದೆ.

“ಕಾಲು ಊರ್‍ಯದರಿ ಸಾಹೇಬ್ರ” ಎಂದು ಅವ್ವ ಮರಾಠಿ ಮರೆತು ಕನ್ನಡದಲ್ಲೇ ಹೇಳಿದಳು. ನಾನು ಅದನ್ನೇ ಮರಾಠಿಯಲ್ಲಿ ಹೇಳಿದೆ. ಅದನ್ನು ತುಂಬುವುದಕ್ಕೆ ಸಿಸ್ಟಮ್‌ನಲ್ಲಿ ಜಾಗವಿಲ್ಲ ಎಂದರು. ಅಜ್ಜಿ ಪಾಸಾದರೆಂದು ಸಾಲಿನವರು ಚಪ್ಪಾಳೆ ತಟ್ಟಿದರು.

ಅವ್ವ ಗಾಡಿ ಆರಿಸಿ ನನ್ನ ಹತ್ತಿರ ತಳ್ಳಿಕೊಂಡು ಬಂದಳು.

“ಅವ್ರು ನೋಡಲಿಲ್ಲ. ನೀ ನೋಡಿದಿಲ್ಲೋ?”

ಇಲ್ಲ ಎನ್ನಬೇಕೆಂದು ಎಷ್ಟು ಆಸೆಯಾಯಿತು!

“ನೋಡಿದೆನವ್ವಾ.”

“ಹಂಗಾರ ನೀನ ಹೊಡಿ” ಎಂದು ಕೀಲಿ ನನ್ನ ಕೈಗಿಟ್ಟು, ಹಿಂದಿನ ಸೀಟಿನಲ್ಲಿ ಕೂತಳು.